ಇಲ್ಲ ಅನ್ನದ ಸಾಹೇಬರು

ಒಳ್ಳೆಯ ಆಡಳಿತ ಯಾವುದು, ಕೆಟ್ಟ ಆಡಳಿತ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಸ್ಸಿನ ಕಥೆ ಹೇಳುತ್ತೇನೆ. ಕೇಳಿದವರು ಚುನಾವಣೆ, ಕಾನೂನು, ಭ್ರಷ್ಟಾಚಾರ ಎಂದು ಏನೋ ದೊಡ್ಡದನ್ನು ನಿರೀಕ್ಷಿಸಿ ಕೂತಿರುತ್ತಾರೆ. ಕೂತಿರಲಿ. ನನಗೆ ಗೊತ್ತಿರುವುದು ಒಂದು ಬಸ್ಸು, ಇಬ್ಬರು ಸಾಹೇಬರು ಮತ್ತು ನನ್ನ ಗಂಡನ ಊದಿದ ಪಾದಗಳು.

ನಮ್ಮೂರು ಯಾವ ತಾಲೂಕಿನದು ಎಂದು ಬರೆಯುವುದಿಲ್ಲ. ಬರೆದರೆ ಡಿಪೋ ಯಾವುದೆಂದು ಗೊತ್ತಾಗುತ್ತದೆ, ಆಮೇಲೆ ನಾಲ್ಕು ಜನ ಮನೆಗೆ ಬಂದು ಕೈ ಮುಗಿದು ಸಮಾಧಾನ ಹೇಳುತ್ತಾರೆ. ಸಮಾಧಾನ ಸಾಕಷ್ಟು ಕೇಳಿದ್ದೇನೆ. ಹಳಿಯಾಳ, ಜೋಯಿಡಾ, ಮುಂಡಗೋಡ, ಮೂರೂ ಕಡೆ ಇಂಥ ಊರುಗಳಿವೆ: ಡಾಂಬರು ರಸ್ತೆಯ ಕ್ರಾಸಿನಲ್ಲಿ ಇಳಿದು ಕಾಡಿನ ಒಳಗೆ ಹೋಗಬೇಕು, ನಡುವೆ ಒಂದು ಹಳ್ಳ, ಹಳ್ಳದ ಆಚೆ ಭತ್ತದ ಗದ್ದೆ, ಗದ್ದೆ ಮುಗಿದಲ್ಲಿ ಮನೆಗಳು. ನಾನು ಹುಟ್ಟಿದ್ದು ದಾಂಡೇಲಿಯಲ್ಲಿ. ಅಪ್ಪ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವನು. ಮಿಲ್ಲಿನ ಸೈರನ್ನು, ಅಂದರೆ ಭೋಂಗಾ, ಕೂಗಿದಾಗ ಎದ್ದು, ಭೋಂಗಾ ಕೂಗಿದಾಗ ಉಂಡು ಬೆಳೆದವಳು ನಾನು. ಹೇಳಿದ ಹೊತ್ತಿಗೆ ಹೇಳಿದ್ದು ಆಗುತ್ತದೆ ಎನ್ನುವ ನಂಬಿಕೆ ನನ್ನ ಮೈಗೆ ಅಲ್ಲಿಂದಲೇ ಹತ್ತಿರಬೇಕು.

ಮದುವೆಯಾಗಿ ಬಂದಾಗ ಈ ಊರಿಗೆ ಇದ್ದದ್ದು ಒಂದೇ ಬಸ್ಸು. ವಸ್ತಿ ಬಸ್ಸು. ಕತ್ತಲಾಗುವ ಹೊತ್ತಿಗೆ ಬಂದು, ರಾತ್ರಿ ಊರಲ್ಲೇ ನಿಂತು, ಬೆಳಗ್ಗೆ ಜನರನ್ನು ತುಂಬಿಕೊಂಡು ತಾಲೂಕಿಗೆ ಹೋಗುವ ಬಸ್ಸು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರ ರಾತ್ರಿಯ ಊಟ ಊರಿನದು. ಮನೆ ಮನೆಗೆ ಪಾಳಿ. ಪಾಳಿ ಬಂದ ಮನೆಯಲ್ಲಿ ಅವತ್ತು ಒಂದು ಪಲ್ಯ ಹೆಚ್ಚು, ರೊಟ್ಟಿ ಸ್ವಲ್ಪ ತೆಳ್ಳಗೆ. ಇದನ್ನು ಯಾರೂ ಆದೇಶ ಮಾಡಿದ್ದಲ್ಲ. ಬಸ್ಸು ನಮ್ಮ ಮನೆಗೆ ಬಂದ ಅಳಿಯನಂತೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು, ಹಾಗೆಯೇ ನೋಡಿಕೊಳ್ಳುತ್ತಿದ್ದಳು.

ಪಕ್ಕದ ಮನೆ ಸಿದ್ದಿಯವರದು. ಆ ಮನೆಯ ಯಜಮಾನತಿ ನನಗಿಂತ ಸ್ವಲ್ಪ ದೊಡ್ಡವಳು, ನಾಲಿಗೆ ನನ್ನದಕ್ಕಿಂತ ಚೂಪು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವವಳಾದ್ದರಿಂದ ಊರೆಲ್ಲ ನನ್ನನ್ನು ಅಕ್ಕೋರ ಅನ್ನುತ್ತದೆ, ಅವಳೂ ಹಾಗೇ ಅನ್ನುತ್ತಾಳೆ. ಒಮ್ಮೆ ಅವಳ ಮನೆಯ ಪಾಳಿ ಬಂದ ದಿನ ಹೊಸ ಕಂಡಕ್ಟರ್ ಹೊಟ್ಟೆ ಸರಿಯಿಲ್ಲ ಅಂದ. ಮುಂದಿನ ಪಾಳಿಯಲ್ಲೂ ಅವನ ಹೊಟ್ಟೆ ಸರಿಯಾಗಿ ಅದೇ ಮನೆಯ ದಿನವೇ ಕೆಟ್ಟಿತು. ಎಂಥ ಲೆಕ್ಕದ ಹೊಟ್ಟೆಯಪ್ಪಾ! ಸುದ್ದಿ ಡಿಪೋ ಮ್ಯಾನೇಜರರ ಕಿವಿಗೆ ಬಿತ್ತು. ಅವರನ್ನು ನಾವು ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಕಂಡಕ್ಟರನನ್ನು ಕರೆದು, "ಆ ಊರಾಗ ಊರವರು ಕೊಟ್ಟಿದ್ದು ಉಣ್ಣಬೇಕು. ಒಲ್ಲೆ ಅಂದ್ರ ರೂಟ್ ಬಿಡು, ನಾಳಿಂದ ಬ್ಯಾರೆ ಕಡೆ ಹಾಕ್ತೇನಿ" ಅಂದರಂತೆ. ಅಷ್ಟೇ. ಸಭೆ ಇಲ್ಲ, ಭಾಷಣ ಇಲ್ಲ. ಮುಂದಿನ ಪಾಳಿಯಲ್ಲಿ ಕಂಡಕ್ಟರ್ ಬಂದು ಕೂತು ಉಂಡ. ಅಕ್ಕ ಬಡಿಸುತ್ತಾ, "ಹೊಟ್ಟಿ ಹೆಂಗೈತೋ ತಮ್ಮಾ ಈಗ?" ಎಂದು ಕೇಳದೆ ಬಿಡಲಿಲ್ಲ.

ಹಾಗೆಂದು ಆ ಸಾಹೇಬರನ್ನು ಊರು ಪ್ರೀತಿಸುತ್ತಿತ್ತು ಎಂದೇನೂ ಅಂದುಕೊಳ್ಳಬೇಡಿ. ಕಂಡರಾಗುತ್ತಿರಲಿಲ್ಲ. ಒಂದು ಸಲ ಮಧ್ಯಾಹ್ನಕ್ಕೂ ಒಂದು ಬಸ್ಸು ಕೇಳಲು ಊರಿನ ಹಿರಿಯರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಡಿಪೋಗೆ ಹೋಗಿದ್ದರು. ನಮ್ಮ ಮನೆಯವರೂ ಹೋಗಿದ್ದರು. ಸಾಹೇಬರು ಕುರ್ಚಿಯನ್ನೂ ತೋರಿಸಲಿಲ್ಲವಂತೆ. "ಆಗಂಗಿಲ್ಲ. ಗಾಡಿ ಇಲ್ಲ. ಮುಂದಿನ ವರ್ಷನೂ ಆಗಂಗಿಲ್ಲ. ಇದಕ್ಕಂತ ಮತ್ತ ಮತ್ತ ಬರಬ್ಯಾಡ್ರಿ, ಕೆಲಸ ಕೆಡಿಸ್ಕೋಬ್ಯಾಡ್ರಿ" ಎಂದು ಕಳಿಸಿದರು. ಹಿರಿಯರು ದಾರಿಯುದ್ದಕ್ಕೂ ಬೈದುಕೊಂಡು ಬಂದರು. ಇವನೇನು ಅಪ್ಪನ ಮನೆಯ ಬಸ್ಸು ಕೊಡುತ್ತಾನೇನು ಎಂದು ಕಟ್ಟೆಯ ಮೇಲೆ ಕೂತು ವಾರಗಟ್ಟಲೆ ಮಾತಾಡಿದರು. ಆದರೆ ಮಾತಾಡಿ ಮುಗಿದ ಮೇಲೆ ಊರಿನವನೊಬ್ಬ ಹಳೆಯ ಜೀಪು ತಂದ. ಬಸ್ಸು ಬರುವುದಿಲ್ಲ ಎಂದು ಖಾತ್ರಿಯಾಗಿತ್ತಲ್ಲ, ಧೈರ್ಯವಾಗಿ ತಂದ. ಮಧ್ಯಾಹ್ನದ ಜನ ಆ ಜೀಪಿನಲ್ಲಿ ಓಡಾಡಿದರು.

ಮಳೆಗಾಲದಲ್ಲಿ ಹಳ್ಳದ ನೀರು ಸೇತುವೆಯ ಮೇಲೆ ಹರಿಯುವಂತಾದರೆ, ಹಿಂದಿನ ಸಂಜೆಯೇ ಕಂಡಕ್ಟರ್ ಕಟ್ಟೆಯ ಹತ್ತಿರ ನಿಂತು ಗಟ್ಟಿಯಾಗಿ ಹೇಳುತ್ತಿದ್ದ: "ನಾಳಿಂದ ಗಾಡಿ ಕ್ರಾಸಿನ ತನಕ ಅಷ್ಟರೀ. ಸಾಹೇಬರು ಹೇಳಿ ಕಳಿಸ್ಯಾರ." ಮರುದಿನ ಜನ ಜೀಪಿನಲ್ಲೋ ಟ್ರ್ಯಾಕ್ಟರಿನಲ್ಲೋ ಕ್ರಾಸು ಮುಟ್ಟುತ್ತಿದ್ದರು. ಆ ಸಾಹೇಬರ ಕಾಲದಲ್ಲಿ ಬಸ್ಸು ಬಾರದ ದಿನ ಎಷ್ಟೋ ಇದ್ದವು. ಬರುತ್ತದೆ ಎಂದು ನಂಬಿ ನಿಂತು ಮೋಸ ಹೋದ ದಿನ ಒಂದೂ ನನಗೆ ನೆನಪಿಲ್ಲ.

ನಮ್ಮ ಮನೆಯವರದು ಹಿಟ್ಟಿನ ಗಿರಣಿ. ಮಾತು ನೇರ. ಸಾರು ಸಪ್ಪೆಯಾದರೆ ಸಪ್ಪೆ ಅನ್ನುತ್ತಿದ್ದರು, ನನ್ನ ಹೊಸ ಸೀರೆ ಚೆಂದ ಕಾಣದಿದ್ದರೆ ಚೆಂದ ಕಾಣೂದಿಲ್ಲ ಅನ್ನುತ್ತಿದ್ದರು. ಇಂಥ ಗಂಡನ ಜೊತೆ ಸಂಸಾರ ಮಾಡುವುದು ಸುಲಭವಲ್ಲ, ಆದರೆ ಹೊಗಳಿದ ದಿನ ಅದು ನಿಜ ಎಂದು ಗೊತ್ತಿರುತ್ತದೆ. ಅವರ ಎರಡೂ ಕಿಡ್ನಿ ಹೋಗಿವೆ ಎಂದು ಡಾಕ್ಟರು ಹೇಳಿದಾಗಲೂ ಹೊರಗೆ ಬಂದು, "ಕಲ್ಲು ಸವದಾವ, ಬದಲಿ ಕಲ್ಲು ಸಿಗಂಗಿಲ್ಲ" ಎಂದು ಗಿರಣಿಯ ಭಾಷೆಯಲ್ಲೇ ಹೇಳಿದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ಪಕ್ಕದಲ್ಲಿ ನಿಂತು ನನ್ನ ಅಳು ಮುಗಿಯುವುದನ್ನು ಕಾದರು.

ವಾರದಲ್ಲಿ ಮಂಗಳವಾರ ಮತ್ತು ಶುಕ್ರವಾರ ತಾಲೂಕಾ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದಕ್ಕೆಂದು ಇವರ ಎಡಗೈಯಲ್ಲಿ ನರ ಜೋಡಿಸಿದ್ದರು, ಮುಟ್ಟಿದರೆ ಒಳಗೆ ರಕ್ತ ಹರಿಯುವುದು ಝುಂಯ್ ಎನ್ನುತ್ತಿತ್ತು. ಮಲಗುವ ಮುಂಚೆ ದಿನಾ ಅದರ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಕುಡಿಯುವ ನೀರು ಅಳತೆಯ ಲೋಟದಲ್ಲಿ. ಉಪ್ಪು ಬಂದ್. ಮಾವಿನ ಹಣ್ಣು ಬಂದ್, ಎಳನೀರು ಬಂದ್. ಅಲ್ಲಿನ ಸಿಸ್ಟರ್ ಒಳ್ಳೆಯವಳು, ಬಿಡಿಸಿ ಹೇಳಿದಳು: "ಒಂದು ಸಲ ತಪ್ಪಿದ್ರ ಮೈಯಾಗಿನ ನೀರು ಪುಪ್ಪುಸಕ್ಕ ಏರ್ತೈತ್ರಿ, ಉಸಿರು ಕಟ್ತೈತಿ. ಎರಡು ಸಲ ತಪ್ಪಿಸಬ್ಯಾಡ್ರಿ. ಏನಾದ್ರೂ ಮಾಡ್ರಿ, ಆದ್ರ ಬರ್ರಿ." ಅವತ್ತಿನಿಂದ ನಮ್ಮ ಮನೆಯ ಬದುಕು ಬಸ್ಸಿನ ಮೇಲೆ ನಿಂತಿತು.

ಹೆದರುತ್ತಲೇ ದೊಡ್ಡ ಸಾಹೇಬರ ಹತ್ತಿರ ಹೋದೆ. ಮಂಗಳವಾರ, ಶುಕ್ರವಾರ ಬಸ್ಸು ತಪ್ಪಬಾರದು ಎಂದು ಕೇಳಿಕೊಂಡೆ. ಅವರು ಮೀಸೆ ನೀವಿಕೊಳ್ಳುತ್ತ ನನ್ನನ್ನೇ ನೋಡಿದರು. "ಗ್ಯಾರಂಟಿ ಕೊಡಂಗಿಲ್ಲ ಅಕ್ಕೋರ. ಗಾಡಿ ಎಲ್ಲಾ ಹಳೇವು. ಆದ್ರ ಬರೂದಿಲ್ಲ ಅಂದ್ರ ಹಿಂದಿನ ದಿನ ಸಂಜೀಕ ಹೇಳಿ ಕಳಸ್ತೇನಿ. ಹೇಳಲಿಲ್ಲ ಅಂದ್ರ ಬಂತು ಅಂತ ತಿಳ್ಕೋರಿ." ನನಗೆ ಸಿಟ್ಟೇ ಬಂತು. ಸಾಯುವ ಮನುಷ್ಯನ ವಿಷಯದಲ್ಲೂ ಈ ಕಲ್ಲಿಗೆ ಎರಡು ಮೆತ್ತನೆಯ ಮಾತು ಬರುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಶಪಿಸುತ್ತಾ ಬಂದೆ. ಆದರೆ ಹೇಳಿದಂತೆ ನಡೆದುಕೊಂಡರು. ಅವರು ಇರುವ ತನಕ ನಮ್ಮದು ಒಂದು ಸಲವೂ ತಪ್ಪಲಿಲ್ಲ.

ಅವರಿಗೆ ವರ್ಗವಾದಾಗ ಊರು ಕುಣಿಯಿತು. ಹೊಸ ಸಾಹೇಬರು ಬಂದ ತಿಂಗಳೊಳಗೆ ತಾವೇ ನಮ್ಮೂರಿಗೆ ಬಂದರು. ಡಿಪೋದ ಸಾಹೇಬರು ನಮ್ಮೂರಿಗೆ! ಕಟ್ಟೆಯ ಮೇಲೆ ಜನರ ನಡುವೆಯೇ ಕೂತರು, ಅಕ್ಕ ಕೊಟ್ಟ ಚಹಾ ಕುಡಿದರು, ಇನ್ನೊಂದು ಗುಟುಕು ಹಾಕಿಸಿಕೊಂಡರು. ನಮ್ಮ ಮನೆಯ ಜಗಲಿಗೂ ಬಂದು ಇವರ ಕೈ ಹಿಡಿದು, "ಏನೂ ಚಿಂತಿ ಮಾಡಬ್ಯಾಡ್ರಿ ಕಾಕಾ, ನಿಮ್ಮ ಮಗಾ ಅಂತ ತಿಳ್ಕೋರಿ" ಅಂದರು. ಎಲ್ಲರಿಗೂ ಮೊಬೈಲ್ ನಂಬರ್ ಕೊಟ್ಟರು. ಮಧ್ಯಾಹ್ನದ ಬಸ್ಸು ಕೇಳಿದಾಗ, "ಯಾಕಾಗಂಗಿಲ್ಲ? ಆಕ್ಕೈತಿ, ಮಾಡೂಣು" ಅಂದರು. ಅವರು ಹೋದ ಮೇಲೆ ಅಕ್ಕ, "ದೇವರಂಥಾ ಮನಷ್ಯಾ ಅದಾನ್ರಿ ಅಕ್ಕೋರ" ಅಂದಳು. ನಾನೂ ಹೌದು ಅಂದೆ. ನಮ್ಮ ಮನೆಯವರು ಮಾತ್ರ ಗಿರಣಿಯ ಬೆಲ್ಟು ಬಿಗಿಸಲು ಎದ್ದು ಹೋದರು.

ಕೆಟ್ಟ ಆಡಳಿತ ಅಂದರೆ ಗದರುತ್ತದೆ, ಕೈ ಚಾಚುತ್ತದೆ, ಬಾಗಿಲಲ್ಲಿ ನಿಲ್ಲಿಸುತ್ತದೆ ಎಂದು ನಾವು ತಿಳಿದಿದ್ದೆವು. ಅದು ನಮ್ಮ ಜಗಲಿಗೆ ಬಂದು, ಕಾಕಾ ಎಂದು ಕರೆದು, ಆರೋಗ್ಯ ವಿಚಾರಿಸಿಕೊಂಡು ಹೋಗುತ್ತದೆ ಎಂದು ಯಾರು ಹೇಳಿದ್ದರು?

ಮೊದಲು ಬಸ್ಸು ತಡವಾಗತೊಡಗಿತು. ಕತ್ತಲಾದ ಮೇಲೆ, ಇನ್ನೂ ಕತ್ತಲಾದ ಮೇಲೆ. ಆಮೇಲೆ ಒಂದು ಸಂಜೆ ಬರಲೇ ಇಲ್ಲ. ಫೋನ್ ಮಾಡಿದರೆ, "ಹೊಂಟೈತ್ರಿ, ಬರ್ತೈತಿ." ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಬಸ್ ನಿಲ್ಲುವ ಕಟ್ಟೆಯ ಹತ್ತಿರ ಮಾತ್ರ. ಅಲ್ಲಿ ನಿಂತು ಯಾರು ಫೋನ್ ಮಾಡಿದರೂ ಸಾಹೇಬರು ಎತ್ತುತ್ತಿದ್ದರು, ಎಷ್ಟು ಸಲ ಮಾಡಿದರೂ ಎತ್ತುತ್ತಿದ್ದರು, ಒಂದು ಸಲವೂ ದನಿ ಏರಿಸುತ್ತಿರಲಿಲ್ಲ. ಬಸ್ಸು ಮಾತ್ರ ಬರುತ್ತಿರಲಿಲ್ಲ. ರಾತ್ರಿಯ ವಸ್ತಿ ನಿಂತೇ ಹೋಯಿತು. ನಿಂತಿತು ಎಂದು ಯಾರೂ ಹೇಳಲಿಲ್ಲ. ಕೆಲವು ಬೆಳಗ್ಗೆ ತಾಲೂಕಿನಿಂದ ನೇರವಾಗಿ ಬರುತ್ತಿತ್ತು, ಕೆಲವು ಬೆಳಗ್ಗೆ ಇಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದು ಆದ ಕಾಲ ಅದು. "ನಮಗಂತೂ ಟಿಕೆಟೂ ಇಲ್ಲ, ಬಸ್ಸೂ ಇಲ್ಲ, ಪೂರಾ ಪುಕ್ಕಟ" ಎಂದು ಅಕ್ಕ ನಗುತ್ತಿದ್ದಳು.

ನಗು ಬಾರದ ಸಂಗತಿ ಒಂದಿತ್ತು. ಪಾಳಿ ನಿಂತಿರಲಿಲ್ಲ. ಬರುತ್ತದೆ ಎಂದು ಸಾಹೇಬರೇ ಹೇಳಿದ ಮೇಲೆ, ಬಂದರೆ ಉಪವಾಸ ಮಲಗಿಸಲು ಆದೀತೇ? ಪಾಳಿಯ ಮನೆಯಲ್ಲಿ ಇಬ್ಬರ ಅಡುಗೆ ಆಗುತ್ತಲೇ ಇತ್ತು. ಮುಚ್ಚಿಟ್ಟ ರೊಟ್ಟಿ ಬೆಳಗ್ಗೆ ದನಕ್ಕೆ ಹೋಗುತ್ತಿತ್ತು. ಒಂದು ಸಂಜೆ ನಮ್ಮ ಪಾಳಿ. ನಾನು ಬದನೆಕಾಯಿ ಎಣಗಾಯಿ ಮಾಡುತ್ತಿದ್ದೆ, ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರಿಗೆ ಮಾಡಾಕತ್ತಿ?" ಅಂದರು. ಡ್ರೈವರ್, ಕಂಡಕ್ಟರ್‌ಗೆ ಎಂದೆ. "ಅವರು ಬರೂದಿಲ್ಲ. ನಿನಗ ಗೊತ್ತೈತಿ, ನನಗ ಗೊತ್ತೈತಿ, ಊರಿಗೆಲ್ಲಾ ಗೊತ್ತೈತಿ. ಹಂಗಾರ ಯಾರಿಗೆ ಮಾಡಾಕತ್ತಿ?" ನಾನು ಬಾಣಲೆಯನ್ನು ಇಳಿಸಲಿಲ್ಲ, ಎಣಗಾಯಿ ಮಾಡಿ ಮುಚ್ಚಿಟ್ಟೆ.

ಇನ್ನು ಜೀಪು. ಮಧ್ಯಾಹ್ನದ ಬಸ್ಸು ಇನ್ನೇನು ಬಂತು, ಬಂದರೆ ನನ್ನ ಜೀಪು ಯಾರು ಹತ್ತುತ್ತಾರೆ ಎಂದು ಜೀಪಿನವನು ಅದನ್ನು ಮಾರಿ ಗೋವಾಕ್ಕೆ ಕೆಲಸಕ್ಕೆ ಹೋದ. ಅವನದೇನೂ ತಪ್ಪಿಲ್ಲ. ಸಾಹೇಬರನ್ನೇ ಕೇಳಿದ್ದ. ಅವರು ನಗುತ್ತಾ, "ನೀ ಏನ್ ಮಾಡ್ತೀಯೋ ಮಾಡಪಾ, ನಮ್ಮ ಗಾಡಿ ಅಂತೂ ಬರೂದ" ಅಂದಿದ್ದರು. ಜೀಪು ಹೋಯಿತು, ಮಧ್ಯಾಹ್ನದ ಬಸ್ಸು ಬರಲಿಲ್ಲ, ಬೆಳಗಿನದ್ದೂ ನೆಟ್ಟಗೆ ಉಳಿಯಲಿಲ್ಲ. ಉಳಿದದ್ದು ಬೆಳಗ್ಗೆ ಹಾಲು ಒಯ್ಯಲು ಬರುವ ಗಾಡಿ ಒಂದೇ. ಹಾಲಿನ ಕ್ಯಾನುಗಳ ನಡುವೆ ಕೂತು, ಊರೂರಿಗೆ ನಿಲ್ಲುತ್ತ, ಕುಲುಕಿಸಿಕೊಂಡು ಹೋಗಬೇಕು. ಬಸ್ಸು ಕೈಕೊಟ್ಟ ಎಷ್ಟೋ ಬೆಳಗ್ಗೆ ಅದರಲ್ಲೇ ಇವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೇನೆ. ಅದರ ಡ್ರೈವರ್ ಮಳಗಿಯ ಕಡೆಯವನು, ಮುಂದಿನ ಸೀಟನ್ನು ಇವರಿಗಾಗಿ ಬಿಟ್ಟು ಕೊಡುತ್ತಿದ್ದ.

ಒಂದು ಮಂಗಳವಾರ ಹಾಲಿನ ಗಾಡಿ ಬೇಗ ಬಂದು ಹೋಗಿಬಿಟ್ಟಿತ್ತು, ಬಸ್ಸು ಬರಲಿಲ್ಲ. ಡಯಾಲಿಸಿಸ್ ತಪ್ಪಿತು. ಸಾಹೇಬರಿಗೆ ಫೋನಿನಲ್ಲೇ ಅತ್ತೆ. ಅವರು ನೊಂದುಕೊಂಡರು, ನಿಜವಾಗಿಯೂ ನೊಂದುಕೊಂಡರು, ದನಿ ನಡುಗುತ್ತಿತ್ತು. "ಶುಕ್ರವಾರ ನಾನ ಸ್ವತಃ ನಿಂತು ಗಾಡಿ ಕಳಸ್ತೇನಿ ಅಕ್ಕೋರ. ನನ್ನ ಮಾತು."

ಬುಧವಾರ ಇವರ ಪಾದ ಒತ್ತಿದರೆ ಹೆಬ್ಬೆರಳಿನ ಗುಳಿ ಹಾಗೇ ಉಳಿಯಿತು. ಗುರುವಾರ ಮುಖ ಬಾತಿತ್ತು. ಅಂಗಾತ ಮಲಗಲಾಗದೆ ಹಿಟ್ಟಿನ ಚೀಲಕ್ಕೆ ಒರಗಿ ಕೂತಿದ್ದರು. ದೊಡ್ಡ ಆಸ್ಪತ್ರೆಗೆ ಹೋಗೂಣು, ಹೆಂಗಾದರೂ ಮಾಡೂಣು ಎಂದೆ. "ಆರಾಮ ಅದೇನಿ. ನಾಳಿಗೆ ಹೆಂಗೂ ಹೋಗೂದ ಐತಲ್ಲ" ಅಂದರು. ಆರಾಮ! ಸಪ್ಪೆ ಸಾರಿಗೆ ಸಪ್ಪೆ ಎನ್ನುತ್ತಿದ್ದ ಬಾಯಲ್ಲಿ ಆ ಮಾತು ಬಂತು. ನನ್ನ ಮುಖ ನೋಡಿ ಹೇಳಿದ್ದು ಎಂದು ಗೊತ್ತಾಯಿತು. ಡಿಪೋದಲ್ಲಿ ಹುಟ್ಟಿದ ರೋಗ ನಮ್ಮ ನಡುಮನೆಗೂ ಬಂದಿತ್ತು. ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಹೇಳುವವರು ಊರಿನಲ್ಲಿ ಇನ್ನು ಯಾರೂ ಉಳಿಯಲಿಲ್ಲವಲ್ಲ ಎಂದು ನನಗೆ ವಿಪರೀತ ಹೆದರಿಕೆಯಾಯಿತು.

ಶುಕ್ರವಾರ ಮಂಜು ಬಿದ್ದಿತ್ತು. ಅಕ್ಕ ಮತ್ತು ನಾನು ಎರಡೂ ಕಡೆ ಹಿಡಿದುಕೊಂಡು ಇವರನ್ನು ಕಟ್ಟೆಗೆ ಕರೆತಂದೆವು. ಹಾಲಿನ ಗಾಡಿ ಮೊದಲು ಬಂತು. ಡ್ರೈವರ್ ಇಳಿದು ಬಂದ. "ಬರ್ರಿ ಅಕ್ಕೋರ, ಕಾಕಾನ್ನ ಮುಂದ ಕೂಡಸೂಣು." ನಾನು ಸಾಹೇಬರಿಗೆ ಫೋನ್ ಹಚ್ಚಿದೆ. ಮೊದಲನೇ ರಿಂಗಿಗೇ ಎತ್ತಿದರು. "ಅಕ್ಕೋರ, ಗಾಡಿ ಯಾವಾಗೋ ಬಿಟ್ಟೈತ್ರಿ! ಈಗ ಕ್ರಾಸ್ ದಾಟಿರಬೇಕು. ಕಾಕಾನ್ನ ಆರಾಮಾಗಿ ಸೀಟಿನಾಗ ಮಲಗಿಸ್ಕೊಂಡು ಬರ್ರಿ." ಫೋನಿನ ದನಿ ದೊಡ್ಡದು, ಇವರಿಗೂ ಕೇಳಿಸಿತು. ಹಾಲಿನ ಗಾಡಿ ಎಂದರೆ ಊರೂರಿಗೆ ನಿಲ್ಲಬೇಕು, ಗುಂಡಿ ಗುಂಡಿಗೆ ಉಸಿರು ಹಿಡಿಯುತ್ತದೆ. ಬಸ್ಸು ಎಂದರೆ ನೇರ, ಒರಗಲು ಜಾಗ. ಕ್ರಾಸಿನಿಂದ ಊರಿಗೆ ಎಷ್ಟು ಹೊತ್ತು? ಇವರು ಕೈ ಎತ್ತಿ, "ನೀ ಹೋಗಪಾ ತಮ್ಮಾ, ಹಾಲು ಕೆಡತೈತಿ. ಬಸ್ ಬಂತಂತ" ಅಂದರು. ಅವನು ಇನ್ನೊಮ್ಮೆ ಕೇಳಿದ. ಸಾಹೇಬರೇ ಹೇಳಿದ್ದಾರೆ ಎಂದೆ ನಾನು. ಹಾಲಿನ ಗಾಡಿ ಮಂಜಿನೊಳಗೆ ಹೋಯಿತು.

ಆಮೇಲೆ ನಾವು ಕಾದೆವು. ಕಾಡಿನ ಕಡೆಯಿಂದ ಏನೇ ಸದ್ದು ಬಂದರೂ ಅಕ್ಕ, "ಬಂತ ನೋಡ್ರಿ" ಅನ್ನುತ್ತಿದ್ದಳು. ಮಂಜು ಕರಗಿ ಬಿಸಿಲು ಬಂತು. ಇವರ ಉಸಿರಿನಲ್ಲಿ ಗುಳುಗುಳು ಸದ್ದು ಸುರುವಾಯಿತು. ಫೋನ್ ಮಾಡಿದೆ: "ಬಂದಬಿಡ್ತೈತ್ರಿ." ಅಂಬುಲೆನ್ಸಿಗೂ ಮಾಡಿದೆ. ಗಾಡಿ ಬೇರೆ ಪೇಶಂಟ್ ಒಯ್ದಿದೆ, ಬರಲು ತುಂಬಾ ತಡವಾಗುತ್ತದೆ, ನೀವೇ ಅವರನ್ನು ಆದಷ್ಟು ದೂರ ಎದುರಿಗೆ ಕರೆತನ್ನಿ ಎಂದು ಫೋನ್ ಎತ್ತಿದ ಹುಡುಗಿ ಸ್ಪಷ್ಟವಾಗಿ ಹೇಳಿದಳು. ಅವಳಿಗೆ ಇವತ್ತಿಗೂ ನಾನು ಋಣಿ. ಅವಳ ಮಾತು ಕೇಳಿದ ಮೇಲೆಯೇ ಅಕ್ಕನ ಗಂಡ ಗದ್ದೆಗೆ ಓಡಿ ಟ್ರ್ಯಾಕ್ಟರ್ ತಂದದ್ದು. ಹುಲ್ಲು ಹಾಸಿ ಇವರನ್ನು ಟ್ರೇಲರಿನಲ್ಲಿ ಕೂಡಿಸಿದೆವು. ಹಳ್ಳ ದಾಟುವಾಗ ಇವರು ನನ್ನ ಕಡೆ ತಿರುಗಿ, "ಬಸ್ ಎದುರಿಗೆ ಬಂದ್ರ ಕೈ ಮಾಡು" ಅಂದರು. ಕ್ರಾಸು ಕಾಣುವ ತಿರುವಿನಲ್ಲಿ ಇವರ ಎಡಗೈಯ ಮೇಲೆ ಬೆರಳಿಟ್ಟೆ. ಝುಂಯ್ ಅನ್ನಲಿಲ್ಲ. ಮೇಲೆ ಕೆಳಗೆ ಸರಿಸಿ ನೋಡಿದೆ, ಬೇರೆ ಬೆರಳಿಟ್ಟು ನೋಡಿದೆ. ರಸ್ತೆ ಖಾಲಿ ಇತ್ತು. ಬಸ್ಸು ಎದುರಿಗೂ ಬರಲಿಲ್ಲ, ಅವತ್ತು ಇಡೀ ದಿನ ಆ ದಾರಿಗೆ ಬರಲೇ ಇಲ್ಲ.

ನನ್ನ ದುಃಖವನ್ನು ಬರೆದು ತೋರಿಸುವ ಹಂಬಲ ನನಗಿಲ್ಲ. ಗಿರಣಿಗೆ ಬೀಗ ಹಾಕಿದೆ, ಅಂಗನವಾಡಿಗೆ ಹೋದೆ, ಮಕ್ಕಳ ಮೂಗು ಒರೆಸಿದೆ. ಸಿಟ್ಟು ಮಾತ್ರ ಹೋಗಲಿಲ್ಲ, ಹೋಗುವುದೂ ಬೇಡ.

ಮುಂದಿನ ಬೇಸಿಗೆಯಲ್ಲಿ ಸಾಹೇಬರಿಗೆ ಬಡ್ತಿಯಾಗಿ ವರ್ಗವಾಯಿತು. ಊರು ಶಾಲೆಯ ಮುಂದೆ ಶಾಮಿಯಾನ ಹಾಕಿ ಸನ್ಮಾನ ಇಟ್ಟುಕೊಂಡಿತು. ಹೌದು, ಸನ್ಮಾನ. ದೊಡ್ಡ ಸಾಹೇಬರು ಹೋದಾಗ ಒಂದು ಲೋಟ ಚಹಾ ಕೊಟ್ಟವರಿಲ್ಲ. ಈಗ ಶಾಲು, ಹಾರ, ಹಣ್ಣಿನ ಬುಟ್ಟಿ. ಸ್ವಾಗತಕ್ಕೆ ಅಂಗನವಾಡಿ ಮಕ್ಕಳ ಹಾಡು ಬೇಕೆಂದು ನನ್ನನ್ನೂ ಕರೆದರು. ಹೋದೆ. ನನಗೆ ಒಂದು ಪ್ರಶ್ನೆ ಕೇಳುವುದಿತ್ತು.

ಕಾರ್ಯಕ್ರಮಕ್ಕೆ ಮುಂಚೆ ಶಾಲೆಯ ಕೋಣೆಯಲ್ಲಿ ಅವರಿಗೆ ಉಪ್ಪಿಟ್ಟು ಕೊಟ್ಟಿದ್ದರು. ನನ್ನನ್ನು ಕಂಡ ಕೂಡಲೇ ತಟ್ಟೆ ಇಟ್ಟು ಎದ್ದು ನಿಂತರು. ಕಣ್ಣಲ್ಲಿ ನೀರು ತುಂಬಿತು. ನಾಟಕವಲ್ಲ, ನಾನು ನಾಟಕ ಗುರುತಿಸಬಲ್ಲೆ. "ಕಾಕಾ ಹಗಲೂ ರಾತ್ರಿ ನೆನಪಾಗ್ತಾರ್ರಿ" ಅಂದರು.

"ಅವತ್ತ ಮುಂಜಾನೆ ಬಸ್ ಎಲ್ಲಿತ್ರಿ?" ಎಂದೆ.

ಅವರು ಸುಳ್ಳು ಹೇಳಲಿಲ್ಲ. "ಡಿಪೋದಾಗ ಇತ್ರಿ. ಗಿಯರ್ ಬಾಕ್ಸ್ ಬಿಚ್ಚಿತ್ತು. ಬದಲಿ ಗಾಡಿ ಸಿಗಲಿಲ್ಲ."

"ಮತ್ತ ಬಿಟ್ಟೈತಿ ಅಂತ ಯಾಕ ಹೇಳಿದ್ರಿ? ಇಲ್ಲ ಅಂದಿದ್ರ ನಾವು ಹಾಲಿನ ಗಾಡಿ ಹತ್ತತಿದ್ದೆವು. ಅದು ಅಲ್ಲೇ ನಿಂತಿತ್ತು."

ಅವರು ನನ್ನನ್ನು ಅರ್ಥವಾಗದವರಂತೆ ನೋಡಿದರು. "ಹೆಂಗ ಇಲ್ಲ ಅನ್ಲಿ ಅಕ್ಕೋರ? ಅಂಥಾ ಹೊತ್ತಿನಾಗ ನಿಮ್ಮ ಮನಸಿಗೆ ನೋವಾಗಬಾರದು ಅಂತ ಹೇಳಿದೆ."

ಬೈಯಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟ ಮಾತು ಇವನಿಗೆ ತಾಗುವುದಿಲ್ಲ ಎಂದು ತಿಳಿಯಿತು. ಈ ಮನುಷ್ಯ ತನ್ನನ್ನು ಒಳ್ಳೆಯವನೆಂದು ತಿಳಿದಿದ್ದಾನೆ. ಇನ್ನೂ ದೊಡ್ಡ ಕುರ್ಚಿಗೆ ಹೋಗುತ್ತಿದ್ದಾನೆ, ಅಲ್ಲಿ ಇವನ ಮಾತು ನಂಬಿ ಕಾಯುವವರು ನಮ್ಮೂರಿಗಿಂತ ಎಷ್ಟೋ ಜಾಸ್ತಿ. ನಾನು ಹೊರಗೆ ಬಂದೆ.

ಹೊರಗೆ ಮೈಕು ಶುರುವಾಯಿತು. ಪಂಚಾಯತಿಯ ಸದಸ್ಯರೊಬ್ಬರು, "ಈ ಸಾಹೇಬರು ಒಂದು ದಿನಾನೂ ನಮಗ ಇಲ್ಲ ಅಂದವರಲ್ಲ" ಅಂದರು, ಜನ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಸಾಹೇಬರು ಮೈಕು ಹಿಡಿದು, ಹೋಗುವ ಮುಂಚೆ ಊರಿಗೊಂದು ಕಾಣಿಕೆ ಕೊಟ್ಟು ಹೋಗುತ್ತೇನೆ ಎಂದರು. "ಮೇಲಿನ ಸಾಹೇಬರ ಜೋಡಿ ಮಾತಾಡೇನಿ. ಸೋಮವಾರದಿಂದ ನಿಮ್ಮೂರಿಗೆ ವಸ್ತಿ ಬಸ್ ಮತ್ತ ಚಾಲೂ. ಹೊಸಾ ಗಾಡಿ!" ಮುದುಕರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಒಬ್ಬಳು, ಸೋಮವಾರ ಪಾಳಿ ಯಾರದು ಎಂದು ಕೇಳುತ್ತಿದ್ದಳು.

ನನ್ನ ಪಕ್ಕದಲ್ಲಿ ಅಕ್ಕ. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಡುಗಿಗೆ ರಕ್ತ ಕಡಿಮೆ, ಬಿ.ಪಿ. ಜಾಸ್ತಿ, ದಿನ ಹತ್ತಿರ ಬಂದಾಗ ಊರಲ್ಲಿ ಇಟ್ಟುಕೊಳ್ಳಬೇಡಿ ಎಂದು ಹೆರಿಗೆ ವಾರ್ಡಿನ ಸಿಸ್ಟರ್ ಹೇಳಿದ್ದಳು. ಆ ವಾರವೇ ಅವಳನ್ನು ಹಳಿಯಾಳದ ಸೋದರಮಾವನ ಮನೆಗೆ ಕಳಿಸುವುದೆಂದು ಅಕ್ಕ ಮತ್ತು ನಾನು ಕೂತು ನಿಶ್ಚಯ ಮಾಡಿದ್ದೆವು, ಬಟ್ಟೆಯ ಗಂಟೂ ಕಟ್ಟಿ ಆಗಿತ್ತು. ಅಕ್ಕ ನನ್ನ ಮೊಣಕೈ ತಿವಿದಳು. ಮುಖ ಅರಳಿತ್ತು. "ಕೇಳಿದ್ರೇನ್ರಿ ಅಕ್ಕೋರ? ಬಸ್ ಬಂತಂತ. ಇನ್ನ ಹುಡುಗಿನ್ನ ಯಾರದೋ ಮನಿಗೆ ಯಾಕ ಕಳಸೂದು? ನನ್ನ ಕಣ್ಣ ಮುಂದ ಇರ್ಲಿ. ಬ್ಯಾನಿ ಬಂದ್ರ ಮುಂಜಾನೆ ಬಸ್ಸಿಗೆ ಕರಕೊಂಡ ಹೋದ್ರಾತು."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಅಕ್ಕಾ, ಬಸ್ ಬರೂದಿಲ್ಲ" ಎಂದೆ.

ಅವಳ ಮುಖ ಕಪ್ಪಿಟ್ಟಿತು. ಕೈ ಬಿಡಿಸಿಕೊಂಡಳು. "ಇಂಥಾ ಹೊತ್ತಿನಾಗ ಹಂಗ್ಯಾಕ ಅಂತೀರಿ? ಬಾಯಾಗ ಒಳ್ಳೇ ಮಾತು ಬರ್ಲಿ ಅಕ್ಕೋರ" ಎಂದು ವೇ‌ದಿಕೆಯ ಕಡೆ ತಿರುಗಿ ಮತ್ತೆ ಚಪ್ಪಾಳೆ ತಟ್ಟತೊಡಗಿದಳು.